ಚಪ್ಪಾಳೆಗೆ ತಿರುಗಿ ನೋಡಿದ್ರೆ ಕಿವಿ ಸರಿ ಇದೆ ಅಂತಾನಾ?

ಶುರುವಿನಲ್ಲೇ ನನ್ನದೊಂದು ತಪ್ಪು ಒಪ್ಪಿಕೊಂಡುಬಿಡ್ತೀನಿ. ಈ ಲೇಖನ ಬರೆಯೋಕೆ ಅದೇ ಕಾರಣ.

ಹೋದ ವರ್ಷ ಯುಗಾದಿಗೆ ಊರಿಗೆ ಹೋಗಿದ್ದೆ. ಅಕ್ಕನ ಮಗನಿಗೆ ಆಗ ಎರಡು ವರ್ಷ ಏಳು ತಿಂಗಳು. ಮನೆಯಲ್ಲಿ ಎಲ್ಲರೂ ಅವನನ್ನ ಪುಟ್ಟ ಅಂತಾರೆ. ಪುಟ್ಟ ಓಡ್ತಾನೆ, ನಗ್ತಾನೆ, ಚೆಂಡು ಎಸೀತಾನೆ, ಆದ್ರೆ ಮಾತು ಮಾತ್ರ ಇಲ್ಲ. "ಅಮ್ಮ", "ಬಾ", "ಆಲು", ಇಷ್ಟೇ. "ಅವರಪ್ಪನೂ ತಡವಾಗೇ ಮಾತಾಡಿದ್ದು" ಅಂತ ಭಾವನ ಕಡೆಯವರು ಅಂದ್ರು. ಅಜ್ಜಿ ಬಜೆ ಬೇರು ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸ್ತಿದ್ರು. ಚಿಕ್ಕಪ್ಪ ಮೊಬೈಲ್‌ಗೆ ಬೈದ್ರು. ತೋರಿಸಿದ್ದ ಒಂದು ಕ್ಲಿನಿಕ್ಕಿನಲ್ಲಿ "ಗಂಡು ಮಕ್ಕಳು ತಡ, ಇನ್ನೊಂದಾರು ತಿಂಗಳು ನೋಡಿ" ಅಂದಿದ್ರಂತೆ.

ಅಕ್ಕ ಒಬ್ಬಳಿಗೆ ಮಾತ್ರ ಅನುಮಾನ. "ಲೋ, ಇವನಿಗೆ ಕಿವಿ ಸರಿಯಾಗಿ ಕೇಳ್ಸುತ್ತಾ ನೋಡೋ, ನೀನು ಎಲೆಕ್ಟ್ರಾನಿಕ್ಸ್ ಓದ್ತಿದೀಯಲ್ಲ" ಅಂದ್ಲು. ನಾನು ಫೋನಿಗೆ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡೆ. ಪುಟ್ಟನ ಹಿಂದೆ ನಿಂತು 500 ಹರ್ಟ್ಜ್, 1000 ಹರ್ಟ್ಜ್ ಬಾರಿಸಿದೆ. ತಿರುಗಿದ. 4000ಕ್ಕೆ ಹೋದಾಗ "ಆ ಕಿರ್ರ್ ಅನ್ನೋದನ್ನ ನಿಲ್ಲಿಸೋ ಮಾರಾಯ" ಅಂತ ಮನೆಯವರೆಲ್ಲ ಕೂಗಿದ್ರು, ನಿಲ್ಲಿಸಿದೆ. ಅಜ್ಜಿ ಹಿಂದಿನಿಂದ ಚಪ್ಪಾಳೆ ತಟ್ಟಿದ್ರು, ಅದಕ್ಕೂ ತಿರುಗಿದ. "ಕಿವಿ ಪರ್ಫೆಕ್ಟ್ ಆಗಿದೆ ಅಕ್ಕ, ಚಿಂತೆ ಬಿಡು" ಅಂತ ಸರ್ಟಿಫಿಕೇಟ್ ಕೊಟ್ಟೆ.

ಅಕ್ಕ ನನ್ನ ಮಾತು ನಂಬಿದ್ಲು. ಐದು ತಿಂಗಳು ಸುಮ್ಮನಿದ್ಲು. ಆಮೇಲೆ ಗೊತ್ತಾಗಿದ್ದು, ಪುಟ್ಟನ ಎರಡೂ ಕಿವಿಗೆ ಎತ್ತರದ ಸದ್ದುಗಳು ಸರಿಯಾಗಿ ಕೇಳಿಸೋದೇ ಇಲ್ಲ ಅಂತ.

ಮಾತು ಬರಲಿಲ್ಲ ಅಂದ್ರೆ ಮೊದಲು ಕಿವಿ ಯಾಕೆ?

ಮಗು ಮಾತಾಡದೇ ಇರೋಕೆ ಕಾರಣ ಹತ್ತಾರು ಇರಬಹುದು. ಆಟಿಸಂ ಇರಬಹುದು, ಬುದ್ಧಿ ಬೆಳವಣಿಗೆ ನಿಧಾನ ಇರಬಹುದು, ಸೀಳಂಗುಳ ಇರಬಹುದು, ಭಾಷೆ ಕಲಿಯೋದರಲ್ಲೇ ತೊಡಕು ಇರಬಹುದು. ನಿಜವಾಗಲೂ ತಡವಾಗಿ ಮಾತು ಶುರು ಮಾಡೋ ಮಕ್ಕಳೂ ಇದ್ದಾರೆ. ಆದ್ರೆ ಇವುಗಳಲ್ಲಿ ಯಾವುದನ್ನು ಅನುಮಾನಿಸಿದ್ರೂ ಮೊದಲು ಮಾಡೋ ಪರೀಕ್ಷೆ ಕಿವಿಯದ್ದೇ. ನಾವು ಲ್ಯಾಬ್‌ನಲ್ಲಿ ಔಟ್‌ಪುಟ್ ಬರದಿದ್ರೆ ಮೊದಲು ಏನು ನೋಡ್ತೀವಿ? ಇನ್‌ಪುಟ್ ಬರ್ತಿದೆಯಾ ಅಂತ ತಾನೇ? ಅದೇ ತರ್ಕ.

ಹುಟ್ಟಿದ ಸಾವಿರ ಮಕ್ಕಳಲ್ಲಿ ಸರಿಸುಮಾರು ಒಂದರಿಂದ ಮೂರು ಮಕ್ಕಳಿಗೆ ಶಾಶ್ವತವಾದ ಶ್ರವಣದೋಷ ಇರುತ್ತೆ. ಇದು ಹೊರಗೆ ಕಾಣೋದಿಲ್ಲ. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಎಲ್ಲರ ಹಾಗೇ ಅಳುತ್ತೆ, ನಗುತ್ತೆ, ಊಂ ಆಂ ಅನ್ನುತ್ತೆ. ಅದರಿಂದಲೇ ಮನೆಯವರು ಮೋಸ ಹೋಗ್ತಾರೆ. ಪೂರ್ತಿ ಕೇಳದ ಮಗುವನ್ನಾದರೂ ಬೇಗ ಗುರುತಿಸಬಹುದು, ಅರ್ಧಂಬರ್ಧ ಕೇಳೋ ಮಗುವನ್ನ ಗುರುತಿಸೋದು ಇನ್ನೂ ಕಷ್ಟ. ಪುಟ್ಟ ಈ ಎರಡನೇ ಗುಂಪಿನವನು.

ಒಳಗಿವಿ ಅನ್ನೋ ಸ್ಪೆಕ್ಟ್ರಮ್ ಅನಲೈಸರ್

ಕಿವಿಯ ತಮಟೆಗೆ ಬಡಿದ ಸದ್ದು ಮೂರು ಪುಟ್ಟ ಮೂಳೆಗಳ ಮೂಲಕ ಒಳಗಿವಿಗೆ ಹೋಗುತ್ತೆ. ಅಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರ ಬುಡದಲ್ಲಿ ಹೆಚ್ಚಿನ ಫ್ರೀಕ್ವೆನ್ಸಿಗೆ ಸ್ಪಂದನೆ, ತುದಿಯಲ್ಲಿ ಕಡಿಮೆ ಫ್ರೀಕ್ವೆನ್ಸಿಗೆ. ಅಂದ್ರೆ ಪ್ರಕೃತಿಯೇ ಮಾಡಿದ ಸ್ಪೆಕ್ಟ್ರಮ್ ಅನಲೈಸರ್. ಇದನ್ನ ಕಂಡುಕೊಂಡ ಜಾರ್ಜ್ ವಾನ್ ಬೆಕೆಸಿಗೆ 1961ರಲ್ಲಿ ನೊಬೆಲ್ ಬಂತು. ಕುತೂಹಲದ ವಿಷಯ ಅಂದ್ರೆ ಆತ ಟೆಲಿಫೋನ್ ಸಂಶೋಧನೆಯಿಂದ ಈ ಕಡೆ ಬಂದವರು.

ಈ ಸುರುಳಿಯಲ್ಲಿ ಸುಮಾರು 12,000 ಹೊರ ರೋಮಕೋಶಗಳು, 3,500 ಒಳ ರೋಮಕೋಶಗಳು ಇರುತ್ತವೆ. ಹೊರಗಿನವು ಆಂಪ್ಲಿಫೈಯರ್ ಕೆಲಸ ಮಾಡ್ತವೆ, ಒಳಗಿನವು ಸದ್ದನ್ನ ನರದ ಸಂಕೇತವಾಗಿ ಬದಲಾಯಿಸ್ತವೆ. ಒಮ್ಮೆ ಸತ್ತರೆ ಮನುಷ್ಯರಲ್ಲಿ ಇವು ಮತ್ತೆ ಹುಟ್ಟೋದಿಲ್ಲ.

ಈಗ ಕನ್ನಡದ ಮೂರು ಪದ ತಗೊಳ್ಳಿ: ಹಾಲು, ಕಾಲು, ಸಾಲು. ಸ್ವರಗಳೆಲ್ಲ ಒಂದೇ. ಸ್ವರಗಳ ಶಕ್ತಿ ಹೆಚ್ಚಾಗಿ 1000 ಹರ್ಟ್ಜ್‌ನ ಆಸುಪಾಸು ಮತ್ತು ಅದರ ಕೆಳಗೆ ಇರುತ್ತೆ, ಜೋರಾಗಿಯೂ ಇರುತ್ತೆ. ಆದ್ರೆ 'ಸ', 'ಶ', 'ಚ', 'ಕ' ತರಹದ ವ್ಯಂಜನಗಳನ್ನ ಬೇರೆಬೇರೆ ಅಂತ ಗುರುತಿಸೋ ಸುಳಿವುಗಳು ಬಹುಪಾಲು ಅದಕ್ಕಿಂತ ಮೇಲೆ ಇರುತ್ತವೆ, ಬಹಳ ಮೆತ್ತಗೂ ಇರುತ್ತವೆ. 'ಸ' ಅಂತೂ 4000 ಹರ್ಟ್ಜ್‌ಗೂ ಮೇಲೆ. ಮೇಲಿನ ಫ್ರೀಕ್ವೆನ್ಸಿ ಕೇಳಿಸದ ಮಗುವಿಗೆ ಮೂರೂ ಪದ "ಆಲು". ಪುಟ್ಟನಿಗೆ "ಕಾಲು ತೋರ್ಸು" ಅಂದ್ರೆ ಅಡುಗೆಮನೆಗೆ ಹೋಗಿ ಹಾಲಿನ ಲೋಟ ತರ್ತಿದ್ದ. ನಾವೆಲ್ಲ ನಕ್ಕು "ಹೊಟ್ಟೆಬಾಕ" ಅಂತಿದ್ವಿ. ಅವನು ತಾನು ಕೇಳಿಸಿಕೊಂಡಿದ್ದಕ್ಕೆ ಸರಿಯಾಗಿಯೇ ನಡೆದುಕೊಂಡಿದ್ದ.

ನನ್ನ ಟೆಸ್ಟ್‌ನಲ್ಲಿ ಏನೇನು ತಪ್ಪಿತ್ತು?

ಒಂದು, ಕ್ಯಾಲಿಬ್ರೇಷನ್ ಇಲ್ಲ. ನನ್ನ ಫೋನಿನಿಂದ ಎಷ್ಟು ಡೆಸಿಬೆಲ್ ಹೊರಡ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ. ಡೆಸಿಬೆಲ್ ಲಾಗರಿದಮ್ ಲೆಕ್ಕ ಅನ್ನೋದು ನಿಮಗೆಲ್ಲ ಗೊತ್ತು: 20 ಡೆಸಿಬೆಲ್ ಅಂದ್ರೆ ಒತ್ತಡ ಹತ್ತು ಪಟ್ಟು, 60 ಅಂದ್ರೆ ಸಾವಿರ ಪಟ್ಟು. ಬಯಲಲ್ಲಿ ಫೋನನ್ನ ಒಂದು ಮೀಟರ್‌ನಿಂದ ಹತ್ತು ಸೆಂಟಿಮೀಟರ್‌ಗೆ ತಂದ್ರೆ ಅಷ್ಟಕ್ಕೇ 20 ಡೆಸಿಬೆಲ್ ಏರುತ್ತೆ. ನಾನು ಉತ್ಸಾಹದಲ್ಲಿ ಕಿವಿಯ ಪಕ್ಕಕ್ಕೇ ಹಿಡಿದಿದ್ದೆ.

ಎರಡು, ಬ್ಯಾಂಡ್‌ವಿಡ್ತ್. ಬೇಕಾಗಿದ್ದ 4000 ಹರ್ಟ್ಜ್ ಬಿಟ್ಟು, ಅವನಿಗೆ ಕೇಳಿಸೋ ಕಡೆಯೇ ಪರೀಕ್ಷೆ ಮಾಡಿದೆ. ಚಪ್ಪಾಳೆಯೂ ಅಷ್ಟೆ. ಅದು ಜೋರು ಸದ್ದು, ಅದರಲ್ಲಿ ಎಲ್ಲ ಫ್ರೀಕ್ವೆನ್ಸಿಗಳೂ ಕಲಸಿರುತ್ತವೆ. ಯಾವುದೋ ಒಂದು ಭಾಗ ಕೇಳಿಸಿದ್ರೂ ಮಗು ತಿರುಗುತ್ತೆ.

ಮೂರು, ಬೇರೆ ಸುಳಿವುಗಳು. ನೆಲದ ಮೇಲಿನ ನೆರಳು, ಕುತ್ತಿಗೆಗೆ ತಾಗೋ ಗಾಳಿ, ಎದುರು ಕೂತ ಅಮ್ಮನ ಕಣ್ಣು ಹಿಂದಕ್ಕೆ ಸರಿಯೋದು. ಕಿವಿ ಮಂದ ಇರೋ ಮಕ್ಕಳ ಕಣ್ಣು ಬಹಳ ಚುರುಕು.

ಇಂಟರ್ನಲ್ಸ್‌ನಲ್ಲಿ ಇಂಥ ಪ್ರಯೋಗ ಬರೆದಿದ್ರೆ ಸೊನ್ನೆ ಕೊಡ್ತಿದ್ರು. ಮನೆಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ.

ಹೇಳಲಾರದ ಮಗುವಿನ ಕಿವಿ ಅಳೆಯೋದು ಹೇಗೆ?

ಕೊನೆಗೆ ಅಕ್ಕ ಹಟ ಹಿಡಿದು ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದ್ಲು. ಜೊತೆಗೆ ನಾನೂ ಹೋದೆ. 1960ರ ದಶಕದಿಂದ ಇದೇ ಕೆಲಸ ಮಾಡ್ತಿರೋ ಸಂಸ್ಥೆ ಅದು. ದೇಶದ ಮೂಲೆಮೂಲೆಯಿಂದ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಅಲ್ಲಿ ತಿಳಿದ ಮೊದಲ ವಿಷಯ, ಒಂದೇ ಪರೀಕ್ಷೆಯನ್ನ ನಂಬೋ ಹಾಗಿಲ್ಲ ಅನ್ನೋದು. ಒಂದರ ಫಲಿತಾಂಶವನ್ನ ಇನ್ನೊಂದರಿಂದ ತಾಳೆ ನೋಡ್ತಾರೆ. ಮಕ್ಕಳ ವಿಷಯದಲ್ಲಿ ಈ ನಿಯಮವನ್ನ ಜೆರ್ಗರ್ ಮತ್ತು ಹೇಯ್ಸ್ 1976ರಲ್ಲೇ ಬರೆದಿಟ್ಟಿದ್ದಾರೆ.

ಮೊದಲನೆಯದು ಟಿಂಪನೋಮೆಟ್ರಿ. ಇದು ಕೇಳೋ ಶಕ್ತಿಯ ಪರೀಕ್ಷೆ ಅಲ್ಲ, ಮಧ್ಯಕಿವಿಯ ಮೆಕ್ಯಾನಿಕಲ್ ಪರೀಕ್ಷೆ. ಕಿವಿಗೆ ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡ ಏರಿಸಿ ಇಳಿಸ್ತಾ, 226 ಹರ್ಟ್ಜ್‌ನ ಸದ್ದು ಎಷ್ಟು ವಾಪಸ್ ಬರುತ್ತೆ ಅಂತ ನೋಡ್ತಾರೆ. ತಮಟೆ ಸಲೀಸಾಗಿ ಅಲ್ಲಾಡಿದ್ರೆ ಗ್ರಾಫ್‌ನಲ್ಲಿ ಗುಡ್ಡದಂಥ ಆಕಾರ. ನೆಗಡಿ, ಸೋಂಕಿನಿಂದ ಹಿಂದೆ ನೀರು ತುಂಬಿದ್ರೆ ಗೆರೆ ಚಪ್ಪಟೆ. ಪುಟ್ಟ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ, ಚಿಕಿತ್ಸೆಯೂ ಇದೆ. ಪುಟ್ಟನ ಗ್ರಾಫ್‌ನಲ್ಲಿ ಚೆಂದದ ಗುಡ್ಡ ಬಂತು. ಅಂದ್ರೆ ಮಧ್ಯಕಿವಿ ಸರಿ.

ಎರಡನೆಯದು ಓಎಇ. ಕಿವಿ ಸದ್ದು ಕೇಳಿಸಿಕೊಳ್ಳುತ್ತೆ ಅನ್ನೋದು ಎಲ್ಲರಿಗೂ ಗೊತ್ತು, ಸದ್ದು ಮಾಡುತ್ತೆ ಅನ್ನೋದು ಗೊತ್ತಾ? 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಇದನ್ನ ತೋರಿಸಿಕೊಟ್ಟರು. ಹೊರ ರೋಮಕೋಶಗಳು ಆಂಪ್ಲಿಫೈ ಮಾಡುವಾಗ ಸಣ್ಣ ಪ್ರತಿಧ್ವನಿಯೊಂದು ಹೊರಕ್ಕೆ ಬರುತ್ತೆ, ಅದನ್ನ ಕಿವಿಯೊಳಗೇ ಇಟ್ಟ ಪುಟ್ಟ ಮೈಕ್ ಹಿಡಿಯುತ್ತೆ. ಕೆಲವೇ ನಿಮಿಷದ ಕೆಲಸ, ಹುಟ್ಟಿದ ಕೂಸಿಗೂ ಮಾಡಬಹುದು. ಒಳಗಿವಿಯಲ್ಲಿ 30–35 ಡೆಸಿಬೆಲ್‌ಗಿಂತ ಹೆಚ್ಚಿನ ದೋಷ ಇದ್ದರೆ ಸಾಮಾನ್ಯವಾಗಿ ಈ ಪ್ರತಿಧ್ವನಿ ಇರೋದಿಲ್ಲ. ಆದ್ರೆ ಗುಗ್ಗೆ ಕಟ್ಟಿದ್ರೂ, ನೀರು ತುಂಬಿದ್ರೂ ಬರೋದಿಲ್ಲ. ಅದಕ್ಕೇ ಟಿಂಪನೋಮೆಟ್ರಿ ಜೊತೆಗಿಟ್ಟು ಓದಬೇಕು. ಪುಟ್ಟನಿಗೆ ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಪ್ರತಿಧ್ವನಿ ಇರಲಿಲ್ಲ. ಅಕ್ಕನ ಮುಖ ನೋಡೋಕೆ ನನಗೆ ಧೈರ್ಯ ಬರಲಿಲ್ಲ.

ಮೂರನೆಯದು ಬೆರಾ. ಇಲ್ಲಿ ಮಗು ನಿದ್ದೆ ಮಾಡ್ತಿರಬೇಕು. ಅಕ್ಕ ಹಿಂದಿನ ರಾತ್ರಿ ಅವನನ್ನ ಆಟ ಆಡಿಸ್ತಾ ಎಚ್ಚರ ಇಟ್ಟು, ಬೆಳಿಗ್ಗೆ ಬಸ್ಸಿನಲ್ಲಿ ನಿದ್ದೆ ಹೋಗದ ಹಾಗೆ ನೋಡಿಕೊಂಡು ಕರ್ಕೊಂಡು ಬಂದಿದ್ಲು. ಹಣೆ ಮತ್ತು ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಕ್ಲಿಕ್ ಕ್ಲಿಕ್ ಅಂತ ಸದ್ದು ಕಳಿಸ್ತಾರೆ. ಆ ಸದ್ದು ನರದಲ್ಲಿ ಸಾಗಿ ಮೆದುಳ ಕಾಂಡ ಮುಟ್ಟುವಾಗ ಹತ್ತು ಮಿಲಿಸೆಕೆಂಡಿನೊಳಗೆ ಐದು ಸಣ್ಣ ಅಲೆಗಳು ಏಳ್ತವೆ. ಐದನೇ ಅಲೆ ಮುಖ್ಯ. ಸದ್ದು ಕಡಿಮೆ ಮಾಡ್ತಾ ಹೋದ ಹಾಗೆ ಕೊನೆಯವರೆಗೂ ಉಳಿಯೋದು ಅದೇ.

ಈಗ ನಮ್ಮ ಸಿಗ್ನಲ್ ಪ್ರೊಸೆಸಿಂಗ್ ಕ್ಲಾಸ್ ನೆನಪಿಸಿಕೊಳ್ಳಿ. ಈ ಅಲೆಯ ಎತ್ತರ ಸುಮಾರು ಅರ್ಧ ಮೈಕ್ರೋವೋಲ್ಟ್. ಮೆದುಳಿನ ಮಾಮೂಲಿ ಚಟುವಟಿಕೆಯದ್ದು ಹತ್ತಿಪ್ಪತ್ತು ಮೈಕ್ರೋವೋಲ್ಟ್. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಹುಡುಕಿದ ಹಾಗೆ. ಉಪಾಯ ಏನು? ಆವರೇಜಿಂಗ್. ಕ್ಲಿಕ್ಕಿಗೆ ಬರೋ ಉತ್ತರ ಪ್ರತಿಸಲವೂ ಅದೇ ಸಮಯಕ್ಕೆ ಬರುತ್ತೆ, ಗದ್ದಲ ಮಾತ್ರ ಅಡ್ಡಾದಿಡ್ಡಿ. 2000 ಸಲ ಕ್ಲಿಕ್ ಮಾಡಿ ಸರಾಸರಿ ತೆಗೆದ್ರೆ ಗದ್ದಲ 2000ದ ವರ್ಗಮೂಲದಷ್ಟು, ಅಂದ್ರೆ ಸುಮಾರು 45 ಪಟ್ಟು ಇಳಿಯುತ್ತೆ. ಜೊತೆಗೆ ಫಿಲ್ಟರ್ ಹಾಕಿ ಕೆಳಗಿನ ಫ್ರೀಕ್ವೆನ್ಸಿಗಳನ್ನ ಕತ್ತರಿಸ್ತಾರೆ. ಉಳಿಯೋದು ಆ ಐದು ಅಲೆ.

ಪರದೆಯ ಮೇಲೆ ಸೆಕೆಂಡಿಗೆ 30.1 ಕ್ಲಿಕ್ ಅಂತ ಇತ್ತು. "ಮೇಡಂ, ಈ ಪಾಯಿಂಟ್ ಒಂದು ಯಾಕೆ?" ಅಂತ ಕೇಳಿದೆ. ಅವರು ನಕ್ಕು "ನೀವೇ ಯೋಚಿಸಿ, ಗೋಡೆಯಲ್ಲಿ ಬರೋ ಕರೆಂಟು ಎಷ್ಟು ಹರ್ಟ್ಜ್?" ಅಂದ್ರು. ಥಟ್ಟನೆ ಹೊಳೀತು. ಸೆಕೆಂಡಿಗೆ 25 ಅಂತ ಇಟ್ರೆ ಪ್ರತಿ ಕ್ಲಿಕ್ಕಿಗೂ 50 ಹರ್ಟ್ಜ್ ಒಂದೇ ಫೇಸ್‌ನಲ್ಲಿ ಸಿಗುತ್ತೆ, ಸರಾಸರಿಯಲ್ಲಿ ಅಳಿಸಿಹೋಗೋ ಬದಲು ಉಳಿದುಬಿಡುತ್ತೆ. ದುಂಡು ಸಂಖ್ಯೆ ಬಿಟ್ಟರೆ ಕರೆಂಟಿನ ಗದ್ದಲವೂ ಅದರ ಹಾರ್ಮೋನಿಕ್ಸೂ ಪ್ರತಿಸಲ ಬೇರೆಬೇರೆ ಫೇಸ್‌ನಲ್ಲಿ ಬಂದು ಒಂದನ್ನೊಂದು ಹೊಡೆದುಹಾಕ್ತವೆ. ಪರೀಕ್ಷೆಗೆ ಉರುಹೊಡೆದ ಸೂತ್ರವೊಂದು ಮಲಗಿರೋ ಮಗುವಿನ ತಲೆಯ ಮೇಲೆ ಕೆಲಸ ಮಾಡೋದನ್ನ ನಾನು ನೋಡಿದ್ದು ಅದೇ ಮೊದಲು.

ಆದ್ರೆ ಸಂತೋಷ ಪಡೋ ಹೊತ್ತಾಗಿರಲಿಲ್ಲ. 70 ಡೆಸಿಬೆಲ್‌ಗೆ ಐದನೇ ಅಲೆ ಇತ್ತು, 60ಕ್ಕೆ ಮಸುಕಾಯ್ತು, 50ಕ್ಕೆ ಮಾಯ. ಎರಡೂ ಕಿವಿಯಲ್ಲಿ.

ಇಲ್ಲಿ ಇನ್ನೊಂದು ಮಾತು. ಕೆಲವು ಮಕ್ಕಳಲ್ಲಿ ಓಎಇ ಚೆನ್ನಾಗೇ ಬರುತ್ತೆ, ಬೆರಾದಲ್ಲಿ ಮಾತ್ರ ಅಲೆಗಳೇ ಇರೋದಿಲ್ಲ. ಅಂದ್ರೆ ಆಂಪ್ಲಿಫೈಯರ್ ಸರಿ, ಮುಂದಕ್ಕೆ ಹೋಗೋ ಸಂಕೇತದ ಟೈಮಿಂಗ್ ಕೆಟ್ಟಿದೆ. ಇದಕ್ಕೆ ಆಡಿಟರಿ ನ್ಯೂರೋಪತಿ ಅಂತಾರೆ. ಓಎಇ ಒಂದನ್ನೇ ಮಾಡಿ ಕಳಿಸಿದ್ರೆ ಇಂಥ ಮಕ್ಕಳು ಕೈತಪ್ಪಿ ಹೋಗ್ತಾರೆ.

ನಾಲ್ಕನೆಯದು ಆಟದ ಪರೀಕ್ಷೆ. ಯಂತ್ರಗಳು ಏನೇ ಹೇಳಲಿ, ಮಗು ನಿಜವಾಗಿ ಏನು ಕೇಳಿಸಿಕೊಳ್ಳುತ್ತೆ ಅಂತ ಮಗುವೇ ಹೇಳಬೇಕು. ಸುಮಾರು ಆರು ತಿಂಗಳಿಂದ ಎರಡೂವರೆ ವರ್ಷದವರೆಗಿನ ಮಕ್ಕಳಿಗೆ ಸದ್ದಿನ ಕಡೆ ತಿರುಗಿದ್ರೆ ಒಂದು ಗೊಂಬೆ ಬೆಳಗೋ ಹಾಗೆ ಮಾಡ್ತಾರೆ. ಅದಕ್ಕಿಂತ ದೊಡ್ಡವರಿಗೆ ಸದ್ದು ಕೇಳಿಸಿದಾಗೆಲ್ಲ ಡಬ್ಬಿಗೆ ಒಂದು ಮರದ ತುಂಡು ಹಾಕೋ ಆಟ. ಪುಟ್ಟ ಎರಡೇ ನಿಮಿಷದಲ್ಲಿ ಆಟ ಕಲಿತ. 500 ಹರ್ಟ್ಜ್‌ಗೆ ಮೆತ್ತಗಿನ ಸದ್ದಿಗೂ ಪಟಪಟ ಹಾಕಿದ. 2000ಕ್ಕೆ 55 ಡೆಸಿಬೆಲ್ ಬೇಕಾಯ್ತು. 4000ಕ್ಕೆ ತುಂಡನ್ನ ಕೆನ್ನೆಗೆ ಒತ್ತಿ ಹಿಡ್ಕೊಂಡು ಕಾದ. ಸದ್ದು ಬರ್ತಾನೇ ಇತ್ತು, ಅವನು ಕಾಯ್ತಾನೇ ಇದ್ದ. 65ಕ್ಕೆ ಡಬ್ಬಿಗೆ ಹಾಕಿದ. ಕಿವಿಯ ಹಿಂದಿನ ಮೂಳೆಗೆ ಕಂಪನ ಕೊಟ್ಟು ನೋಡಿದಾಗಲೂ ಅದೇ ಫಲಿತಾಂಶ. ಅಂದ್ರೆ ತೊಂದರೆ ಒಳಗಿವಿಯದ್ದೇ.

ನಾಲ್ಕೂ ಪರೀಕ್ಷೆ ಒಂದೇ ಕಥೆ ಹೇಳಿದವು. ನನ್ನ ಯುಗಾದಿಯ ಟೆಸ್ಟೂ ಒಂದರ್ಥದಲ್ಲಿ ಸುಳ್ಳಾಗಿರಲಿಲ್ಲ, 500 ಹರ್ಟ್ಜ್ ಅವನಿಗೆ ಕೇಳಿಸ್ತಿತ್ತು. ಅದರಿಂದ ನಾನು ತೆಗೆದ ತೀರ್ಮಾನ ಸುಳ್ಳು.

ತಡ ಮಾಡಿದ್ರೆ ಏನು ಹೋಗುತ್ತೆ?

ಜಗತ್ತಿನಾದ್ಯಂತ ಬಳಕೆಯಲ್ಲಿರೋ ಗುರಿ 1–3–6: ಹುಟ್ಟಿದ ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಮೆದುಳು ಭಾಷೆಯನ್ನ ಅತಿ ಸುಲಭವಾಗಿ ಕಲಿಯೋದು ಮೊದಲ ಕೆಲವು ವರ್ಷಗಳಲ್ಲಿ. ಆ ಕಾಲ ದಾಟಿದ ಮೇಲೆ ಶ್ರವಣಸಾಧನ ಕೊಟ್ಟರೂ, ತೀವ್ರ ದೋಷ ಇರೋರಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದ್ರೂ ಕಲಿಕೆ ಕಷ್ಟ ಆಗ್ತಾ ಹೋಗುತ್ತೆ. ಪುಟ್ಟನ ವಿಷಯದಲ್ಲಿ ನನ್ನ ಐದು ತಿಂಗಳು ಅದೇ ಲೆಕ್ಕಕ್ಕೆ ಸೇರಿದ್ದು.

ನಮ್ಮ ಕೆಲಸ ಇರೋದೂ ಇಲ್ಲೇ. ಬೆರಾ ಯಂತ್ರ ದುಬಾರಿ, ನಿಶ್ಶಬ್ದ ಕೋಣೆ ಬೇಕು, ತರಬೇತಾದವರು ಬೇಕು. ತಾಲ್ಲೂಕು ಆಸ್ಪತ್ರೆಗೆ ಇದನ್ನ ತಲುಪಿಸೋದು ಹೇಗೆ? 2017ರಲ್ಲಿ ಸೋಹಮ್ ಅನ್ನೋ ಭಾರತೀಯ ಸಾಧನವೊಂದು ಬಂತು. ಇದೇ ಮೆದುಳಕಾಂಡದ ಅಲೆಯನ್ನ ಅಳೆದು ನವಜಾತ ಶಿಶುಗಳ ಸ್ಕ್ರೀನಿಂಗ್ ಮಾಡುತ್ತೆ, ಬ್ಯಾಟರಿಯಲ್ಲಿ ನಡೆಯುತ್ತೆ. ಗದ್ದಲದ ವಾರ್ಡಿನಲ್ಲಿ ಆರ್ಟಿಫ್ಯಾಕ್ಟ್ ತೆಗೆಯೋದು, ಕಡಿಮೆ ಕ್ಲಿಕ್ಕಿನಲ್ಲಿ ಅಲೆ ಗುರುತಿಸೋದು, ಅಗ್ಗದ ಎಲೆಕ್ಟ್ರೋಡ್, ಹೀಗೆ ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರಿಗೆ ಇಲ್ಲಿ ಬೇಕಾದಷ್ಟು ಇದೆ. ಒಂದೇ ಎಚ್ಚರಿಕೆ: ಆಡಿಯಾಲಜಿಸ್ಟ್ ಜೊತೆ ಕೂತು ಮಾಡಿ. ನನ್ನ ಹಾಗೆ ಒಬ್ಬರೇ ಮಾಡಬೇಡಿ.

ನಿಮ್ಮ ಮನೆಯಲ್ಲೊಂದು ಮಗು ಇದ್ದರೆ

ಒಂಬತ್ತು ತಿಂಗಳಾದ್ರೂ ಹೆಸರು ಕರೆದ್ರೆ ತಿರುಗದಿದ್ರೆ, ಒಂದೂವರೆ ವರ್ಷಕ್ಕೂ ಒಂದೂ ಪದ ಬರದಿದ್ರೆ, ಎರಡು ವರ್ಷ ಮುಗಿದ್ರೂ "ಅಮ್ಮ ಬಾ" ತರಹ ಎರಡು ಪದ ಜೋಡಿಸದಿದ್ರೆ, ಬಂದ ಮಾತು ನಿಂತುಹೋದ್ರೆ ಕಾಯಬೇಡಿ. ಟಿವಿ ಸದ್ದು ಜಾಸ್ತಿ ಮಾಡೋ, ಮುಖ ನೋಡಿದ್ರೆ ಮಾತ್ರ ಅರ್ಥ ಮಾಡಿಕೊಳ್ಳೋ, ಪದೇಪದೇ ಕಿವಿ ಸೋರೋ ಮಕ್ಕಳನ್ನೂ ತೋರಿಸಿ. ಹುಟ್ಟುವಾಗ ತೂಕ ಕಡಿಮೆ ಇದ್ದು ಐಸಿಯುನಲ್ಲಿದ್ದ, ಜಾಂಡೀಸ್ ಜಾಸ್ತಿಯಾಗಿದ್ದ, ಮೆದುಳುಜ್ವರ ಬಂದಿದ್ದ ಮಕ್ಕಳಿಗೆ, ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು.

ಎಲ್ಲಿಗೆ ಹೋಗೋದು? ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಮೊದಲು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶ್ರವಣದೋಷವೂ ಸೇರಿದೆ, ಆ ತಂಡದವರು ಅಂಗನವಾಡಿ ಮತ್ತು ಶಾಲೆಗಳಿಗೆ ಬರ್ತಾರೆ. ಶ್ರವಣಸಾಧನಕ್ಕೆ ಕೇಂದ್ರದ ಎಡಿಐಪಿ ಯೋಜನೆಯಿಂದ ನೆರವು ಸಿಗುತ್ತೆ. ಟೆಸ್ಟ್‌ನಲ್ಲಿ ಕಿವಿ ಸರಿ ಇದೆ ಅಂತ ಬಂದ್ರೂ ಓಡಾಡಿದ್ದು ದಂಡ ಅಂದುಕೊಳ್ಳಬೇಡಿ. ಒಂದು ಕಾರಣ ಪಟ್ಟಿಯಿಂದ ಹೊರಗೆ ಹೋಯ್ತು, ಮುಂದಿನದನ್ನ ಹುಡುಕೋಕೆ ದಾರಿ ಆಯ್ತು. ಬಜೆ ನೆಕ್ಕಿಸೋ ಅಜ್ಜಿ ಜೊತೆ ಜಗಳ ಆಡೋದು ಬೇಡ, ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ.

ಪುಟ್ಟನಿಗೆ ಈಗ ಎರಡೂ ಕಿವಿಗೆ ನೀಲಿ ಬಣ್ಣದ ಮಷೀನು. ವಾರಕ್ಕೆರಡು ದಿನ ಸ್ಪೀಚ್ ಥೆರಪಿ. ಅಕ್ಕ ಪ್ರತಿದಿನ ಬೆಳಿಗ್ಗೆ ಬಾಯಿಗೆ ಕೈ ಅಡ್ಡ ಹಿಡಿದು ಆರು ಸದ್ದು ಹೇಳಿ ಮಷೀನು ಕೆಲಸ ಮಾಡ್ತಿದೆಯಾ ಅಂತ ನೋಡ್ತಾಳೆ: ಆ, ಊ, ಈ, ಮ್, ಶ್, ಸ್. ಲಿಂಗ್ ಅನ್ನೋರು ಮಾಡಿದ ಪರೀಕ್ಷೆ, ಕೆಳಗಿನ ಫ್ರೀಕ್ವೆನ್ಸಿಯಿಂದ ಮೇಲಿನವರೆಗೂ ಆರೇ ಸದ್ದಿನಲ್ಲಿ ಮುಗಿಯುತ್ತೆ. ಮೊದಮೊದಲು 'ಸ್'ಗೆ ಸುಮ್ಮನಿರ್ತಿದ್ದ, ಈಗ ಕೈ ಎತ್ತುತ್ತಾನೆ. ಮಾತು ಇನ್ನೂ ತನ್ನ ವಯಸ್ಸಿನವರಿಗಿಂತ ಹಿಂದಿದೆ. ಹಿಡಿದುಕೊಳ್ಳೋಕೆ ಸಮಯ ಬೇಕು ಅಂತ ಥೆರಪಿ ಮೇಡಂ ಹೇಳಿದ್ದಾರೆ.

ಮಷೀನು ಹಾಕಿದ ದಿನ ಅಮ್ಮ ಸಾರಿಗೆ ಒಗ್ಗರಣೆ ಹಾಕ್ತಿದ್ರು. ಸಾಸಿವೆ ಚಟಪಟ ಅಂದಿದ್ದೇ ತಡ, ಹಜಾರದಲ್ಲಿ ಆಡ್ತಿದ್ದ ಪುಟ್ಟ ಎದ್ದು ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಂತ. ಮೂರು ವರ್ಷದಿಂದ ಅದೇ ಮನೆಯಲ್ಲಿ ದಿನಾ ಒಗ್ಗರಣೆ ಹಾಕ್ತಿದ್ದಾರೆ. ಆ ಸದ್ದು ಎಲ್ಲಿಂದ ಬಂತು ಅಂತ ಅವನು ನೋಡೋಕೆ ಹೋಗಿದ್ದು ಅವತ್ತೇ ಮೊದಲು.